ಫಕೀರಮ್ಮ ಅಳಿಸಿದ ಒಲೆ

ಫಕೀರಮ್ಮನವರ ಲೆಕ್ಕದಲ್ಲಿ ಮನೆ ಎಂದರೆ ಒಲೆ. ಬಾಗಿಲು ಒಂದೇ ಇರಲಿ, ಮಾಳಿಗೆ ಒಂದೇ ಇರಲಿ, ಒಳಗೆ ಎರಡು ಕಡೆ ರೊಟ್ಟಿ ಬಡಿಯುತ್ತಿದ್ದರೆ ಅವರ ಪಟ್ಟಿಯಲ್ಲಿ ಅದು ಎರಡು ಮನೆ. ಅಣ್ಣ ತಮ್ಮ ಬೇರೆಯಾದ ಸುದ್ದಿ ಪಂಚಾಯಿತಿ ಕಾಗದಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಫಕೀರಮ್ಮನವರಿಗೆ ಮರುದಿನ ಬೆಳಿಗ್ಗೆ ಹೊಗೆ ನೋಡಿಯೇ ಗೊತ್ತಾಗುತ್ತಿತ್ತು. ಹದಿಮೂರು ವರ್ಷದಿಂದ ಆಶಾ ಕಾರ್ಯಕರ್ತೆ. ಪೋಲಿಯೊ ಹನಿ, ರಕ್ತಹೀನತೆಯ ಗುಳಿಗೆ, ಸೊಳ್ಳೆಪರದೆ ಎಲ್ಲವನ್ನೂ ಒಲೆಯ ಲೆಕ್ಕದಲ್ಲೇ ಹಂಚುತ್ತಿದ್ದರು. ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ಆ ಊರಿನಲ್ಲಿ ಅವರ ಪಾಲಿಗೆ ನೂರೈವತ್ತೊಂದು ಒಲೆಗಳಿದ್ದವು.

ಅದರಲ್ಲೊಂದನ್ನು ಅವರು ಒಂದು ದಿನ ರಬ್ಬರು ಹಿಡಿದು ಅಳಿಸಿದರು. ನಾನು ಎದುರಿಗೇ ಕೂತಿದ್ದೆ. ಆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ರೂಪಾ, ಇಪ್ಪತ್ತಮೂರು ವರ್ಷದವಳು. ಎಂಟು ತಿಂಗಳ ನಂತರ ಅವಳು ಗಂಡನ ಕೈಯಲ್ಲಿ ಸತ್ತಳು. ಗಂಡ ಕೊಟ್ರೇಶ ಫಕೀರಮ್ಮನವರ ಒಬ್ಬನೇ ಮಗ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟು ಕೊನೆಗೆ ತೋರಿಸುವ ಜಾಣತನ ಈ ವಿಷಯದಲ್ಲಿ ನನಗೆ ಬೇಡ.

ನನ್ನ ಹೆಸರು ಭವಾನಿ. ಗಂಗಾವತಿಯವಳು, ಅಪ್ಪನದು ಅಕ್ಕಿ ವ್ಯಾಪಾರ. ಚಿಕಿತ್ಸಾ ಮನೋವಿಜ್ಞಾನ ಓದಿ, ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಆಮೇಲೆ ಡಾಕ್ಟರೇಟಿನ ಹುಚ್ಚು ಹಿಡಿಸಿಕೊಂಡೆ. ನನ್ನ ಪ್ರಬಂಧದ ಹೆಸರು ಒಂದೂವರೆ ಸಾಲು ಉದ್ದ. ಮನೆಮಾತಿನಲ್ಲಿ ಹೇಳುವುದಾದರೆ ಇಷ್ಟೇ: ಒಬ್ಬ ಗಂಡಸಿನ ಸ್ವಭಾವ ಎಂಥದು, ಮನಸ್ಸಿನ ಆರೋಗ್ಯ ಹೇಗಿದೆ ಎಂದು ಅವನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳುವುದು. ಉತ್ತರಕ್ಕೆ ಅಂಕ ಹಾಕಿ, ಅವನು ಮುಂದೆ ಮನೆಯವರ ಮೇಲೆ ಕೈ ಮಾಡುವ ಅಪಾಯ ಎಷ್ಟಿದೆ ಎಂದು ಮೊದಲೇ ಅಂದಾಜು ಹೇಳುವುದು. ನಲವತ್ತಕ್ಕೆ ಇಪ್ಪತ್ತಾರು ದಾಟಿದರೆ ಹಾಳೆಯ ಮೂಲೆಯಲ್ಲಿ ಕೆಂಪು ಗುರುತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಒಂದೊಂದು ಊರು, ಊರಿಗೆ ಐವತ್ತು ಮನೆ. ಮೊದಲ ಮೂರು ಊರು ಮುಗಿಸಿ ಯಲಬುರ್ಗಾದ ಊರಿಗೆ ಹೋದಾಗ ಉಪಕೇಂದ್ರದ ನರ್ಸು ನನ್ನನ್ನು ಫಕೀರಮ್ಮನವರ ಕೈಗೆ ಒಪ್ಪಿಸಿದರು.

ಆಗ ಅವರಿಗೆ ನಲವತ್ತೇಳು. ಗುಲಾಬಿ ಬಣ್ಣದ ಇಲಾಖೆಯ ಸೀರೆ, ಹೆಗಲಿಗೊಂದು ಚೀಲ, ಕಾಲಲ್ಲಿ ಗಂಡಸರ ಚಪ್ಪಲಿ. ಹೆಂಗಸರ ಚಪ್ಪಲಿ ಈ ಊರ ಕಲ್ಲಿಗೆ ಒಂದು ತಿಂಗಳೂ ಬಾಳುವುದಿಲ್ಲ ಎನ್ನುತ್ತಿದ್ದರು. ನನ್ನ ಬಿಳಿ ಬೂಟು ನೋಡಿ, ಮೇಡಂ ಸಂಜೆಗೆ ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಬಸ್ ಹತ್ತುತ್ತಾರೆ ಎಂದು ನರ್ಸಿಗೆ ಹೇಳಿ ನಕ್ಕರು. ಹಾಗೆಯೇ ಆಯಿತು. ಅಡಿ ಕಿತ್ತು ಬಂದಿತ್ತು.

ಎರಡು ದಿನ ಒಲೆ ಎಣಿಸಿದೆವು. ಅವರು ಮುಂದೆ, ನಾನು ಹಿಂದೆ. ನಡೆಯುತ್ತ ನಡೆಯುತ್ತ ತಮ್ಮ ಕಥೆಯನ್ನು ತುಂಡು ತುಂಡಾಗಿ ಹೇಳಿದರು. ತವರು ಕನಕಗಿರಿಯ ಕಡೆ. ಏಳನೆಯ ಇಯತ್ತೆ ಮುಗಿಸಿದ ವರ್ಷವೇ ಮದುವೆ. ಗಂಡ ಮುದುಕಪ್ಪ ಕುಡಿದು ಕುಡಿದು, ಮಗ ಹನ್ನೊಂದರವನಿದ್ದಾಗ ತೀರಿಕೊಂಡ. ಹೊಡೆಯುತ್ತಿದ್ದನೇ ಎಂದು ಕೇಳಿದೆ. ಕೇಳುವುದೇ ನನ್ನ ಕಸುಬಲ್ಲವೇ. ಆಗ ಎಲ್ಲರೂ ಹೊಡೆಯುತ್ತಿದ್ದರಲ್ಲ ಎಂದು ಹವಾಮಾನದ ಮಾತು ಹೇಳಿದಂತೆ ಹೇಳಿ ಮುಂದಿನ ಬಾಗಿಲಿಗೆ ಹೋದರು. ಮಗನನ್ನು ಐಟಿಐ ಓದಿಸಿ ಗಿಣಿಗೇರಾದ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಗೆ ಸೇರಿಸಿದ್ದು ಅವರ ಜೀವನದ ದೊಡ್ಡ ಗೆಲುವು. ಎರಡನೆಯ ಗೆಲುವು, ತಮ್ಮ ಸ್ವಂತ ಅಣ್ಣ ತಿರುಮಲೇಶನ ಮಗಳನ್ನೇ ಸೊಸೆಯಾಗಿ ತಂದುಕೊಂಡದ್ದು. ಸೋದರಮಾವನ ಮಗಳು, ರಕ್ತದ ಸಂಬಂಧ. ಬೇರೆ ಮನೆಯ ಹುಡುಗಿ ತಂದರೆ ಹೇಗೆ ಬರುತ್ತಾಳೋ ಏನೋ, ರೂಪಾ ಆದರೆ ತಮ್ಮ ತೊಡೆಯ ಮೇಲೆ ಆಡಿದವಳು. ಈ ಮಾತು ಹೇಳುವಾಗ ಅವರ ನಡಿಗೆಯೇ ಚುರುಕಾಯಿತು.

ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಮುರಿದು ಕಟ್ಟಿಸದೆ ಬಿಟ್ಟ ಬೆರಳು. ಏನಾಗಿತ್ತು ಎಂದೆ. ಬಾಗಿಲ ಸಂದಿಯಲ್ಲಿ ಸಿಕ್ಕಿತ್ತು ಎಂದರು. ಊರಿನ ಪ್ರತಿಯೊಬ್ಬ ಬಸುರಿಯನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಹೆಂಗಸು ತನ್ನ ಬೆರಳನ್ನು ಏಕೆ ತೋರಿಸಲಿಲ್ಲ ಎಂದು, ಹಿಂಸೆಯ ವಿಷಯದಲ್ಲಿ ಪಂಡಿತಳಾಗಲು ಹೊರಟಿದ್ದ ನನಗೆ ಹೊಳೆಯಲಿಲ್ಲ. ನಾನು ಆಗ ಮುಂದಿನ ಮನೆಯ ನಂಬರು ಬರೆಯುತ್ತಿದ್ದೆ.

ಅನ್ನಮ್ಮನ ಕಥೆಯನ್ನೂ ಆ ಎರಡು ದಿನದಲ್ಲೇ ಹೇಳಿದರು. ಆರು ವರ್ಷದ ಹಿಂದೆ ಕೆಳಗಿನ ಓಣಿಯ ಅನ್ನಮ್ಮ ಎಂಬಾಕೆ ಬೆನ್ನ ಮೇಲಿನ ಬರೆ ತೋರಿಸಿ ಅತ್ತಿದ್ದಳು. ಫಕೀರಮ್ಮ ಆಕೆಯನ್ನು ಠಾಣೆಗೆ ಕರೆದೊಯ್ದರು. ಅಲ್ಲಿ ಪೊಲೀಸರು ಗಂಡನನ್ನು ಕರೆಸಿ, ಎರಡು ಏಟು ಹಾಕಿ, ಇನ್ನು ಮೇಲೆ ಚೆನ್ನಾಗಿ ಬಾಳ್ವೆ ಮಾಡಿ ಎಂದು ಜೋಡಿಯಾಗಿ ಮನೆಗೆ ಕಳಿಸಿದರು. ಆ ಎರಡು ಏಟಿಗೆ ಅನ್ನಮ್ಮ ಮನೆಯಲ್ಲಿ ಎಷ್ಟು ಏಟು ತೀರಿಸಿದಳೋ ಯಾರೂ ಎಣಿಸಲಿಲ್ಲ. ಮನೆ ಮುರಿಯುವ ಹೆಂಗಸು ಎಂದು ಹಿರಿಯರು ಫಕೀರಮ್ಮನವರನ್ನು ಕಟ್ಟೆಗೆ ಕರೆಸಿ ಬೈದರು. ಆರು ತಿಂಗಳು ಆ ಓಣಿಯಲ್ಲಿ ಅವರಿಗೆ ಯಾರೂ ಬಾಗಿಲು ತೆಗೆಯಲಿಲ್ಲ, ಮಕ್ಕಳಿಗೆ ಹನಿ ಹಾಕಿಸಲೂ ಇಲ್ಲ.

"ಹೇಳಿದ ಮ್ಯಾಲ ಯಾರರ ಬಂದು ನಿಂದರಬೇಕ್ರಿ," ಎಂದರು ಆಗ. "ಯಾರೂ ನಿಂದರದಿದ್ರ, ಹೇಳಿದಾಕಿನೇ ಸಾಯ್ತಾಳ."

ಈ ಮಾತು ನನಗೆ ಬಹಳ ಹಿಡಿಸಿತು. ಡೈರಿಯಲ್ಲಿ ಬರೆದುಕೊಂಡೆ. ಪ್ರಬಂಧದ ಮೂರನೆಯ ಅಧ್ಯಾಯದ ನೆತ್ತಿಯ ಮೇಲೆ ಈಗಲೂ ಇದೆ. ಚಂದದ ಅಕ್ಷರದಲ್ಲಿ ಅಚ್ಚಾಗಿದೆ.

ಮೂರನೆಯ ದಿನ ಬೆಳಿಗ್ಗೆ ನೀರಿನ ಟಾಕಿಯ ನೆರಳಲ್ಲಿ ಕೂತೆವು. ನಾನು ಮಾಡಬೇಕಾಗಿದ್ದದ್ದು ಸುಲಭದ ಕೆಲಸ. ಅವರ ಪಟ್ಟಿ ತೆಗೆದುಕೊಂಡು ಪ್ರತಿ ಮೂರನೆಯ ಒಲೆಗೆ ಗುರುತು ಹಾಕುವುದು, ಗುರುತು ಬಿದ್ದ ಮನೆಯಲ್ಲಿ ಪ್ರಶ್ನೆ ಕೇಳುವುದು. ಮೂರು, ಆರು, ಒಂಬತ್ತು, ಹೀಗೆ. ನನಗೆ ಬೇಕಾದ ಮನೆ ಆರಿಸಿದೆನೆಂದು ನಾಳೆ ಯಾರೂ ಹೇಳಬಾರದಲ್ಲ, ಅದಕ್ಕೆ ಈ ನಿಯಮ. ಹಾಗೆಂದು ಅವರಿಗೆ ಮೊದಲೇ ವಿವರಿಸಿದ್ದೆ. ಅವರು ಪಟ್ಟಿಯನ್ನು ಚೀಲದಿಂದ ತೆಗೆದರು, ಕೊಡಲಿಲ್ಲ. ಮೇಲೆ ಕೈ ಇಟ್ಟುಕೊಂಡು ಕೂತರು.

"ಮೇಡಂ, ಒಂದ್ ಮನಿಯಾಗ ಕೆಂಪು ಬಂತು ಅಂತ ತಿಳೀರಿ. ಅವಾಗ ನೀವು ಏನ್ ಮಾಡ್ತೀರಿ?"

ಈ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಮೂರು ಊರಿನಲ್ಲೂ ಕೇಳಿದ್ದರು, ಗಂಡಸರು ಹೆದರಿ ಕೇಳಿದ್ದರು. ಅದಕ್ಕೆ ಉತ್ತರ ನನಗೆ ಬಾಯಿಪಾಠ. ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯವರು ಕಲಿಸಿದ ಉತ್ತರವನ್ನು ನಮ್ಮ ಭಾಷೆಗೆ ಇಳಿಸಿಕೊಂಡಿದ್ದೆ.

"ಏನೂ ಮಾಡೂದಿಲ್ರಿ ಅಕ್ಕಾರ. ಪೊಲೀಸರಿಗೆ ಹೇಳೂದಿಲ್ಲ, ಪಂಚಾಯ್ತಿಗೆ ಹೇಳೂದಿಲ್ಲ. ಹೆಸರು ಸೈತ ಇರೂದಿಲ್ಲ. ನೀವೇನೂ ಹೆದರಬ್ಯಾಡ್ರಿ."

"ಏನೂ ಮಾಡೂದಿಲ್ಲ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಸಮಾಧಾನವಾಯಿತು ಎಂದುಕೊಂಡೆ. ಮನಸ್ಸನ್ನು ಓದಲು ಕಲಿತವಳು ನಾನು.

ಸ್ವಲ್ಪ ಹೊತ್ತಾದ ಮೇಲೆ, ತಡೆಯಿರಿ, ಒಂದು ತಪ್ಪಾಗಿದೆ ಎಂದು ಚೀಲದಿಂದ ರಬ್ಬರು ತೆಗೆದರು. ಪಟ್ಟಿಯಲ್ಲಿ ನೂರಾ ಇಪ್ಪತ್ತೆಂಟು ಎಂದು ಅವರ ಒಲೆ, ನೂರಾ ಇಪ್ಪತ್ತೊಂಬತ್ತು ಎಂದು ಮಗ ಸೊಸೆಯ ಒಲೆ ಇದ್ದವು. ಎರಡನೆಯದನ್ನು ಅಳಿಸಿದರು. ಅವಸರಕ್ಕೆ ಎರಡು ಬರೆದುಬಿಟ್ಟಿದ್ದೆ, ನಮ್ಮದು ಒಂದೇ ಒಲೆ ಎಂದರು. ಆಮೇಲೆ ಕೆಳಗಿನ ಇಪ್ಪತ್ತೆರಡು ನಂಬರನ್ನೂ ಒಂದೊಂದಾಗಿ ಅಳಿಸಿ, ಒಂದೊಂದು ಇಳಿಸಿ, ಹೊಸದಾಗಿ ಬರೆದರು. ಅರ್ಧ ಗಂಟೆ ಹಿಡಿಯಿತು. ಇಷ್ಟು ಶಿಸ್ತಿನ ಸಹಾಯಕಿ ಬೇರೆ ಯಾವ ಊರಿನಲ್ಲೂ ಸಿಕ್ಕಿಲ್ಲ ಎಂದು ನಾನು ಮುಖದ ಮೇಲೆಯೇ ಹೊಗಳಿದೆ. ಅವರು ತಲೆ ಎತ್ತಲಿಲ್ಲ.

ನೂರಾ ಇಪ್ಪತ್ತೊಂಬತ್ತು ಎಂಬುದು ಮೂರರಿಂದ ಭಾಗವಾಗುತ್ತದೆ. ಆ ನಂಬರು ಈಗ ಪಕ್ಕದ ಮನೆಯ ಕಳಕಪ್ಪಜ್ಜನಿಗೆ ಹೋಯಿತು. ಎಪ್ಪತ್ತು ದಾಟಿದ ಅಜ್ಜ. ನಲವತ್ತಕ್ಕೆ ಮೂರು ಅಂಕ ಪಡೆದ, ಅದೂ ಎಮ್ಮೆಗೆ ಆಗಾಗ ಬೈಯುತ್ತೇನೆ ಎಂದು ಒಪ್ಪಿಕೊಂಡದ್ದಕ್ಕೆ.

ಆಮೇಲಿನ ಹನ್ನೆರಡು ದಿನ ಫಕೀರಮ್ಮನವರು ಕೆಲಸ ಮಾಡುವ ರೀತಿ ನೋಡಿದೆ. ಹೆಂಡತಿಯೊಬ್ಬಳನ್ನೇ ಕೂರಿಸಿ ಮಾತಾಡಿಸುವುದು ನಮ್ಮ ಕಡೆ ಎಷ್ಟು ಕಷ್ಟ ಎಂದು ಪುಸ್ತಕಗಳಲ್ಲಿ ಬರೆದಿರುವುದಿಲ್ಲ. ಅತ್ತೆ ಬಾಗಿಲಲ್ಲಿ ಕೂತಿರುತ್ತಾಳೆ, ನಾದಿನಿ ಅಕ್ಕಿ ಆರಿಸುವ ನೆವದಲ್ಲಿ ಬರುತ್ತಾಳೆ. ಫಕೀರಮ್ಮ ಬಿಪಿ ಯಂತ್ರ ಹಿಡಿದು ಅತ್ತೆಯನ್ನು ಪಡಸಾಲೆಗೆ ಕರೆಯುವರು. ಒಮ್ಮೆ ನೋಡಿ, ಹುಬ್ಬು ಗಂಟಿಕ್ಕಿ, ಇದೇನು ಹೀಗೆ ತೋರಿಸುತ್ತಿದೆ ಎಂದು ಮತ್ತೊಮ್ಮೆ ನೋಡುವರು. ನಾದಿನಿಯನ್ನೂ ಕರೆದು ಅವಳ ತೋಳಿಗೂ ಪಟ್ಟಿ ಸುತ್ತುವರು. ಒಂದು ಬಿಪಿ ನೋಡಲು ಅವರಿಗೆ ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು. ಒಳಗೆ ನನ್ನ ಇಪ್ಪತ್ತು ಪ್ರಶ್ನೆಗೂ ಸರಿಯಾಗಿ ಅಷ್ಟೇ ಹೊತ್ತು.

ಗಂಡಸರದು ಬೇರೆ ತಮಾಷೆ. ಕಳೆದ ಆರು ತಿಂಗಳಲ್ಲಿ ಕಾರಣವಿಲ್ಲದೆ ಸಿಟ್ಟು ಬಂದದ್ದುಂಟೇ ಎಂಬ ಪ್ರಶ್ನೆಗೆ ಒಬ್ಬ, ನಾನೇನು ಹುಚ್ಚನೇ, ಕಾರಣವಿಟ್ಟೇ ಸಿಟ್ಟಾಗುತ್ತೇನೆ ಎಂದ. ಇನ್ನೊಬ್ಬ ಎಲ್ಲ ಪ್ರಶ್ನೆಗೂ ಹೌದು ಎಂದು, ಹೌದು ಎಂದವರಿಗೆ ಸರ್ಕಾರದಿಂದ ಏನಾದರೂ ಬರುತ್ತದೆಯೇ ಎಂದು ಕೇಳಿದ. ಸಂಜೆ ಬಸ್ಸಿಗೆ ಕಾಯುತ್ತ ನಾನು ಇವನ್ನೆಲ್ಲ ಹೇಳಿ ನಗುತ್ತಿದ್ದೆ. ಫಕೀರಮ್ಮ ಶೇಂಗಾ ಬಿಡಿಸಿ ನನ್ನ ಕೈಗೆ ಹಾಕುತ್ತ ಅವರೂ ನಗುತ್ತಿದ್ದರು. ಅವರ ಜೊತೆ ಕಳೆದ ಹದಿನೈದು ದಿನ ನನಗೆ ಸುಖವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಸುಖವಾಗಿತ್ತು.

ಕೊನೆಯ ದಿನ ಚಹಕ್ಕೆಂದು ಅವರ ಮನೆಗೆ ಹೋದೆ. ಹೋಗಲೇಬೇಕೆಂದು ಹಟ ಮಾಡಿದವಳು ನಾನು. ಕೊಟ್ರೇಶನಿಗೆ ಅಂದು ರಜೆ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಖುರ್ಚಿ ಒರೆಸಿ ಹಾಕಿದ. ನಮ್ಮ ಊರಿಗೆ ಬಂದು ಇಷ್ಟು ಬಿಸಿಲಲ್ಲಿ ತಿರುಗುತ್ತೀರಲ್ಲ ಎಂದು ಮರುಗಿದ. ಮೂರು ವರ್ಷದ ಮಗಳು ಸಹನಾ ಅವನನ್ನು ದಾಟಿ ಹೋಗುವಾಗ ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದಳು. ಅದನ್ನು ನಾನು ನೋಡಿದೆ, ನೋಡಿಯೂ ಮಗು ಸಂಕೋಚದ್ದು ಎಂದುಕೊಂಡೆ. ಪಡಸಾಲೆಯ ಮೂಲೆಯಲ್ಲಿ ಒಂದು ಒಲೆ, ಮೂರು ಕಲ್ಲಿನದು, ಬೂದಿ ಬೆಚ್ಚಗಿತ್ತು. ಒಳಗಿನ ಅಡುಗೆಮನೆಯಿಂದಲೂ ಹೊಗೆ ಬರುತ್ತಿತ್ತು. ಎರಡೂ ನನ್ನ ಕಣ್ಣಿಗೆ ಬಿದ್ದವು. ನಾನು ಗಂಗಾವತಿಯಲ್ಲೇ ಬೆಳೆದವಳು, ಅತ್ತೆಗೊಂದು ಸೊಸೆಗೊಂದು ಒಲೆ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಹ ತಂದವಳು ರೂಪಾ. ಮೊಳಕೈ ದಾಟುವ ತೋಳಿನ ರವಿಕೆ. ಗಂಡ ಫೋನು ಬಂತೆಂದು ಅಂಗಳಕ್ಕೆ ಇಳಿದಾಗ ಲೋಟ ಕೊಡುತ್ತ ಸಣ್ಣ ದನಿಯಲ್ಲಿ ಕೇಳಿದಳು.

"ನಮ್ಮನ್ನ ಕೇಳೂದಿಲ್ಲೇನ್ರಿ?"

ಅವಳಿಗೂ ಒಂದು ಮೋಜು ಬೇಕಾಗಿದೆ ಎಂದುಕೊಂಡೆ. ಊರ ಹೆಂಗಸರಿಗೆಲ್ಲ ಪೇಟೆಯ ಮೇಡಂ ಜೊತೆ ಕೂತು ಮಾತಾಡಿದ್ದು ಒಂದು ಸಂಭ್ರಮವಾಗಿತ್ತು.

"ನಿಮ್ಮ ಮನಿ ನಂಬರಿಗೆ ಬಂದಿಲ್ರಿ," ಎಂದೆ.

ರೂಪಾ ಅತ್ತೆಯ ಕಡೆ ನೋಡಿದಳು. ಫಕೀರಮ್ಮ ಸಹನಾಳ ತಲೆ ಬಾಚುತ್ತಿದ್ದರು, ಬಾಚುತ್ತಲೇ ಇದ್ದರು. ಚಹ ಚೆನ್ನಾಗಿತ್ತು, ಶುಂಠಿ ಹಾಕಿದ್ದಳು. ಹೊರಡುವಾಗ ನಾನು ಹೆಮ್ಮೆಯಿಂದ, ನಿಮ್ಮ ಊರಲ್ಲಿ ಐವತ್ತರಲ್ಲಿ ಒಂಬತ್ತು ಕೆಂಪು ಬಂತು ಅಕ್ಕಾರೆ, ನಾಲ್ಕೂ ಊರಿನಲ್ಲಿ ನಿಮ್ಮದೇ ಹೆಚ್ಚು ಎಂದೆ. ಕೆಂಪು ಬಂದ ಮನೆಯ ಹೆಂಗಸರಿಗೆ ಕೊಡಬೇಕಾದ ಚೀಟಿಯನ್ನು ಕೊಟ್ಟಿದ್ದೆ. ಅದರಲ್ಲಿ ಒಂದು ಸಹಾಯವಾಣಿಯ ನಂಬರು ಇತ್ತು, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ ಎಂಬ ಒಂದು ಸಾಲು ಇತ್ತು. ಓದು ಬರುವವರು ಆ ಒಂಬತ್ತರಲ್ಲಿ ಎಷ್ಟು ಮಂದಿ ಎಂದು ನಾನು ಕೇಳಿರಲಿಲ್ಲ. ನನ್ನ ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ಒಂದು ಸುದ್ದಿ ಓದಿದೆ. ನಾಲ್ಕು ಸಾಲು. ಕ್ಷುಲ್ಲಕ ಕಾರಣಕ್ಕೆ ಪತ್ನಿಯ ಕೊಲೆ. ನಮ್ಮ ಪತ್ರಿಕೆಗಳಿಗೆ ಈ ಕ್ಷುಲ್ಲಕ ಕಾರಣದ ಮೇಲೆ ಎಂಥ ಪ್ರೀತಿಯೋ. ದೊಡ್ಡ ಕಾರಣಕ್ಕೆ ಕೊಂದಿದ್ದರೆ ಪರವಾಗಿಲ್ಲ ಎಂಬಂತೆ ಬರೆಯುತ್ತಾರೆ. ಕೆಳಗೆ ಮನೆಯ ಫೋಟೊ. ನಾನು ಕೂತಿದ್ದ ಖುರ್ಚಿ ಅಂಗಳದಲ್ಲಿ ಮಗುಚಿ ಬಿದ್ದಿತ್ತು.

ಆಗಲೇ ಹೋಗಬೇಕಿತ್ತು. ಹೋಗಲಿಲ್ಲ. ಡಿಸೆಂಬರಿಗೆ ಪ್ರಬಂಧ ಒಪ್ಪಿಸಬೇಕಿತ್ತು ಎಂಬುದು ನಾನು ಹೇಳಿಕೊಂಡ ನೆಪ. ನಿಜ ಹೇಳಬೇಕೆಂದರೆ ಹೆದರಿದೆ. ನನ್ನ ಸಮೀಕ್ಷೆಗೆ ಸಿಕ್ಕದ ಮನೆ, ಅದರಲ್ಲಿ ನನ್ನದೇನು ತಪ್ಪು ಎಂದು ಎಷ್ಟೋ ಸಲ ಹೇಳಿಕೊಂಡೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಎಷ್ಟು ಮನೆಯವರು ಉತ್ತರಿಸಲು ಒಪ್ಪಲಿಲ್ಲ ಎಂದು ಕೇಳಿದರು. ಒಂದೂ ಇಲ್ಲ ಸರ್, ಇನ್ನೂರಕ್ಕೆ ಇನ್ನೂರೂ ಸಿಕ್ಕಿವೆ ಎಂದೆ. ಅವರು ಮೆಚ್ಚಿ ತಲೆದೂಗಿದರು. ಡಾಕ್ಟರೇಟು ಬಂತು. ಕೃತಜ್ಞತೆಯ ಪುಟದಲ್ಲಿ ಫಕೀರಮ್ಮನವರ ಹೆಸರಿದೆ, ನಿಷ್ಠೆಯ ನೆರವಿಗಾಗಿ ಎಂದು.

ಅದೇ ವಾರ ನಿಯಮದ ಪ್ರಕಾರ ಇನ್ನೊಂದು ಕೆಲಸವನ್ನೂ ಮಾಡಿದೆ. ಉತ್ತರ ಬರೆದ ಹಾಳೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಒಂದು ಗುಟ್ಟಿನ ಸಂಖ್ಯೆ. ಯಾವ ಸಂಖ್ಯೆ ಯಾವ ಮನೆಯದು ಎಂದು ಬರೆದ ಒಂದೇ ಒಂದು ಕಾಗದ ಬೇರೆ ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ನಾಶ ಮಾಡಬೇಕು, ಯಾರ ಮನೆಯ ಮಾತೂ ಹೊರಬೀಳಬಾರದೆಂದು. ನಾನು ಅದನ್ನು ಸಣ್ಣ ಸಣ್ಣ ಚೂರು ಮಾಡಿ ಹರಿದೆ. ಹರಿದು, ನಾಶ ಮಾಡಲಾಗಿದೆ ಎಂದು ಬರೆದು ಸಹಿ ಹಾಕಿದೆ.

ರೂಪಾ ಸತ್ತು ವರ್ಷದ ಮೇಲೆ ಎರಡು ತಿಂಗಳಾಗಿತ್ತು, ಆಗ ಹೋದೆ. ಈ ಸಲ ಚಪ್ಪಲಿ ಹಾಕಿಕೊಂಡಿದ್ದೆ. ಫಕೀರಮ್ಮ ಪಡಸಾಲೆಯಲ್ಲಿ ಕೂತು ಬಸುರಿಯರ ತಾಯಿ ಕಾರ್ಡುಗಳನ್ನು ಜೋಡಿಸುತ್ತಿದ್ದರು. ಕೆಲಸ ಬಿಟ್ಟಿರಲಿಲ್ಲ. ಊರವರು ಬಾಗಿಲು ತೆಗೆಯುತ್ತಾರೆ, ಗುಳಿಗೆ ಇಸಿದುಕೊಳ್ಳುತ್ತಾರೆ, ಆದರೆ ಒಳಗೆ ಬಾ ಎನ್ನುವುದಿಲ್ಲ ಎಂದರು. ಮಗ ಜೈಲಿನಲ್ಲಿದ್ದಾನೆ, ವಿಚಾರಣೆ ನಡೆದಿದೆ. ಇವರು ಒಮ್ಮೆಯೂ ನೋಡಲು ಹೋಗಿಲ್ಲ. ಸಹನಾಳನ್ನು ಅಣ್ಣ ತಿರುಮಲೇಶ ಕನಕಗಿರಿಗೆ ಕರೆದೊಯ್ದ. ಮೊಮ್ಮಗಳನ್ನು ನೋಡಲು ಹೋದಾಗ ಅಣ್ಣ ಹೊಸ್ತಿಲಲ್ಲೇ ನಿಂತು, ನನ್ನ ಮಗಳನ್ನು ನಿನ್ನ ತೊಡೆಯ ಮೇಲೆ ಇಟ್ಟಿದ್ದೆ ಎಂದನಂತೆ. ಅಷ್ಟೇ ಅಂದದ್ದು. ಹುಟ್ಟಿದ ಮನೆಯ ಬಾಗಿಲಿಂದ ಅವರು ನೀರೂ ಕುಡಿಯದೆ ಮರಳಿದರು.

ಆ ದಿನದ ಬಗ್ಗೆ ನಾನು ಕೇಳಲಿಲ್ಲ, ಅವರೇ ಹೇಳಿದರು. ಗುರುವಾರ ಮಧ್ಯಾಹ್ನ. ಇವರು ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಮೀಟಿಂಗಿಗೆ ಹೋಗಿದ್ದರು. ಮೀಟಿಂಗಿನಲ್ಲಿ ಹೆಂಗಸರ ಸುರಕ್ಷೆಯ ಬಗ್ಗೆ ಒಂದು ಭಾಷಣವೂ ಇತ್ತಂತೆ. ಮರಳಿ ಬಂದಾಗ ಅಂಗಳದ ತುಂಬ ಜನ. ಬೆರಳಿನ ವಿಷಯವನ್ನೂ ಹೇಳಿದರು. ಮದುವೆಯ ಎರಡನೆಯ ವರ್ಷ ರೂಪಾಳಿಗೆ ಬೀಳುವ ಏಟಿಗೆ ಅಡ್ಡ ಬಂದಾಗ ಮುರಿದದ್ದು. ಅದೇ ದಿನ ಮಗ, ನಿನ್ನ ಒಲೆ ನೀನು ಹಚ್ಚಿಕೋ ಎಂದು ತಾಯಿಯನ್ನು ಪಡಸಾಲೆಗೆ ಹಾಕಿದ. ನಾಲ್ಕು ವರ್ಷ ಅವರು ಗೋಡೆಯ ಈಚೆ ರೊಟ್ಟಿ ಬಡಿಯುತ್ತ ಆಚೆಯ ಸದ್ದು ಕೇಳಿದ್ದರು.

ಒಳಗಿನ ಅಡುಗೆಮನೆಗೆ ಚಿಲಕ ಹಾಕಿತ್ತು. ನಾನು ಅತ್ತ ನೋಡಿದ್ದನ್ನು ಅವರು ನೋಡಿದರು.

"ಈಗ ನಿಮ್ಮ ಪಟ್ಟಿ ಬರೋಬರಿ ಐತಿ ನೋಡ್ರಿ. ಒಂದ ಒಲಿ."

ನನಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅಳುತ್ತಲೇ, ಅಳಿಸಿದ್ದು ಯಾಕೆ ಎಂದು ಕೇಳಿದೆ. ಮರ್ಯಾದೆಗಾಗಿ ಎನ್ನುತ್ತಾರೆ ಎಂದು ನನ್ನ ನಿರೀಕ್ಷೆ. ಊರ ಹೆಂಗಸರಿಗೆ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗೆ ಎಂದಾಗಬಾರದು ಎಂದು ಅಳಿಸಿದೆ ಎನ್ನುತ್ತಾರೆ. ಹಾಗೆಂದಿದ್ದರೆ ನಾನು ಕ್ಷಮಿಸುತ್ತಿದ್ದೆ. ಕ್ಷಮಿಸಲೆಂದೇ ಹೋಗಿದ್ದೆನೇನೋ.

"ನಾ ಎರಡ ಒಲಿ ಬರಕೊಂಡ ಬಂದಿದ್ನೆಲ್ರಿ," ಎಂದರು. "ನಂಬರ್ ನಾನೂ ಎಣಿಸಿ ನೋಡಿದ್ದೆ, ನೂರಾ ಇಪ್ಪತ್ತೊಂಬತ್ತು ಮೂರರ ಲೆಕ್ಕಕ್ಕ ಬರ್ತೈತಿ ಅಂತ ಗೊತ್ತಿತ್ತು. ರೂಪಾಗ ಹೇಳಿದ್ದೆ, ಮೇಡಂ ಬರ್ತಾರ, ಇದ್ದದ್ದ ಇದ್ದಂಗ ಹೇಳಿಬಿಡು ಅಂತ. ಆಮ್ಯಾಲ ನಿಮ್ಮನ್ನ ಕೇಳಿದೆ. ಏನೂ ಮಾಡೂದಿಲ್ಲ ಅಂದ್ರಿ. ಏನೂ ಮಾಡದವ್ರ ಮುಂದ ಹೇಳಿಸಿ, ಅದು ಅವಂಗ ಗೊತ್ತಾದ್ರ ಹ್ಯಾಂಗ ಅಂತ ಹೆದರಿದೆ. ಅದಕ್ಕ ಅಳಿಸಿದೆ."

ರೂಪಾ ಲೋಟ ಕೊಡುತ್ತ ಕೇಳಿದ್ದು ಮೋಜಿಗಲ್ಲ. ಹೇಗೆ ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಅವಳು ಮೂರು ದಿನ ಯೋಚಿಸಿ ಇಟ್ಟುಕೊಂಡಿದ್ದಳಂತೆ. ಅತ್ತೆ ಬೇಡವೆಂದ ಮೇಲೂ ಒಂದು ಸಲ ಕೇಳಿ ನೋಡಿದಳು.

ಕಳಕಪ್ಪಜ್ಜ ಪಕ್ಕದಲ್ಲಿ ಎಮ್ಮೆಗೆ ಬೈಯುತ್ತಿದ್ದ. ಫಕೀರಮ್ಮ ಕಾರ್ಡುಗಳನ್ನು ಚೀಲಕ್ಕೆ ತುಂಬಿದರು. ಆಮೇಲೆ, ಆ ಒಂಬತ್ತು ಮನೆ ಯಾವುವು ಎಂದು ಕೇಳಿದರು. ಲೆಕ್ಕ ಮರೆತಿರಲಿಲ್ಲ.

"ಯಾರಿಗೂ ಹೇಳೂದಿಲ್ಲ. ಬಿಪಿ ನೋಡಾಕ ಹೋದಂಗ ಹೋಗಿ ಕುಂದರ್ತೀನಿ. ಒಳಗ ಕರೀದಿದ್ರ ಹೊರಗ ಕುಂದರ್ತೀನಿ. ದಿನಾ ಒಬ್ಬಾಕಿ ಬಂದು ಬಾಗಲಾಗ ಕುಂದರ್ತಾಳ ಅಂದ್ರ ಅವರೂ ಒಂದೀಟು ಅಂಜತಾರ."

ಐದು ಲಕ್ಷದ ಯೋಜನೆಗಳಲ್ಲೂ ಯಾರೂ ಹೇಳದ ಉಪಾಯ ಅದು. ಯಾವ ಸಂಖ್ಯೆ ಯಾವ ಮನೆಯದು ಎಂಬ ಕಾಗದವನ್ನು ನಾನು ಹರಿದದ್ದನ್ನು ಹೇಳಬೇಕಾಯಿತು. ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಬರೆದಿಟ್ಟದ್ದನ್ನು ಬರೆದವರೇ ಹರಿಯುತ್ತಾರೆಯೇ ಎಂದರು. ನೆನಪಿರುವಷ್ಟಾದರೂ ಹೇಳಿ ಎಂದರು.

ನಿಯಮ ಮುರಿದು, ನೆನಪಿದ್ದ ಮೂರು ಮನೆಗಳನ್ನು ಹೇಳಿದೆ. ಪ್ರಶ್ನೆಯ ನಡುವೆ ಎದ್ದು ನನ್ನ ಪೆನ್ನು ಕಸಿದು ಎಸೆದವನ ಮನೆ. ಹೆಂಡತಿಯ ಹಲ್ಲು ಮುರಿದದ್ದನ್ನು ತಾನೇ ನಗುತ್ತ ಹೇಳಿದವನ ಮನೆ. ಕೆಳಗಿನ ಓಣಿಯ ಅನ್ನಮ್ಮನ ಮನೆ.

ಫಕೀರಮ್ಮ ಸೊಟ್ಟ ಬೆರಳಿನಿಂದ ಶುರು ಮಾಡಿ ಮೂರು ಬೆರಳು ಮಡಿಸಿದರು.

"ಇವು ಮೂರೂ ಊರಿಗೇ ಗೊತ್ತದಾವ್ರಿ ಮೇಡಂ. ನನಗ ಗೊತ್ತಿಲ್ಲದ್ದು ಹೇಳ್ರಿ."

ಇನ್ನಾರು ಇದ್ದವು. ಆ ಆರು ಮನೆಗಳಲ್ಲಿ ಖುರ್ಚಿ ಒರೆಸಿ ಹಾಕಿದ್ದರು, ಮೆತ್ತಗೆ ಮಾತಾಡಿದ್ದರು, ಚಹ ಕೊಟ್ಟಿದ್ದರು. ಅದಕ್ಕೇ ನನಗೆ ನೆನಪಿಲ್ಲ. ಆ ಆರನ್ನು ಹುಡುಕಲೆಂದೇ ನಾನು ಅಷ್ಟು ಪ್ರಶ್ನೆಗಳನ್ನು ಹೊತ್ತು ಊರೂರು ತಿರುಗಿದ್ದು. ಹುಡುಕಿಯೂ ಇದ್ದೆ. ಹಾಳೆಗಳು ಈಗಲೂ ನನ್ನ ಕಪಾಟಿನಲ್ಲಿವೆ, ಒಬ್ಬನಿಗೆ ಮೂವತ್ತೊಂದು, ಒಬ್ಬನಿಗೆ ಮೂವತ್ತನಾಲ್ಕು. ಯಾರೆಂದು ಮಾತ್ರ ಗೊತ್ತಿಲ್ಲ.

ಫಕೀರಮ್ಮ ಇನ್ನೂ ಮಡಿಸದ ಬೆರಳುಗಳನ್ನು ನೋಡುತ್ತ ಕೂತಿದ್ದರು. ನನ್ನ ಉತ್ತರಕ್ಕೆ ಕಾಯುತ್ತಿದ್ದರು.